ಯಶಸ್ಸಿನ ಕೋರ್ಸು ಮತ್ತು ಕಂತಿನ ಲೆಕ್ಕ

ಓದಿನ ಕ್ರಮ, ಸಮಯದ ಹಂಚಿಕೆ, ಪರೀಕ್ಷೆಯ ಸಿದ್ಧತೆ, ರೆಸ್ಯೂಮೆ ಬರವಣಿಗೆ, ಸಂದರ್ಶನವನ್ನು ಎದುರಿಸುವ ಬಗೆ, ಇಂಗ್ಲಿಷಿನಲ್ಲಿ ಅಳುಕಿಲ್ಲದೆ ಮಾತನಾಡುವ ರೂಢಿ ಇವೆಲ್ಲವನ್ನೂ ಒಟ್ಟಿಗೆ ಕಲಿಸುವುದಾಗಿ ಹೇಳುವ ಆನ್‌ಲೈನ್ ಕೋರ್ಸುಗಳು ಕರ್ನಾಟಕದ ಪದವಿ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕುಟುಂಬಗಳಲ್ಲಿ ಈಗ ಒಂದು ಗಣನೀಯ ಖರ್ಚಾಗಿ ಪರಿಣಮಿಸಿವೆ. ಕಾಲೇಜಿನ ಶುಲ್ಕ, ಹಾಸ್ಟೆಲು ಮತ್ತು ಪುಸ್ತಕಗಳ ವೆಚ್ಚದ ಮೇಲೆ ಬೀಳುವ ಈ ಖರ್ಚನ್ನು ಹೆಚ್ಚಿನ ಪೋಷಕರು ಕೈಯಲ್ಲಿರುವ ಹಣದಿಂದ ಭರಿಸದೆ ಮಾಸಿಕ ಕಂತುಗಳಲ್ಲಿ ಭರಿಸುತ್ತಾರೆ. ಹೀಗಾಗಿ ಕೋರ್ಸಿನ ಗುಣಮಟ್ಟವನ್ನು ಪರಿಶೀಲಿಸುವುದಕ್ಕೂ ಮೊದಲು ಅದರೊಡನೆ ಮನೆಗೆ ಬರುವ ಸಾಲವನ್ನು ಪರಿಶೀಲಿಸುವುದು ಅಗತ್ಯವಾಗುತ್ತದೆ. ಇಂತಹ ಕೋರ್ಸಿಗಾಗಿ ಸಾಲ ಮಾಡಬಾರದು ಎಂಬುದು ಈ ಬರಹದ ನಿಲುವು. ಸಾಲದ ಕಂತು ತಿಂಗಳು ತಿಂಗಳೂ ತಪ್ಪದೆ ಬರುತ್ತದೆ, ಆದರೆ ಕೋರ್ಸಿನ ಫಲವು ವಿದ್ಯಾರ್ಥಿಯು ಅದಕ್ಕೆ ಕೊಡುವ ಸಮಯವನ್ನು ಅವಲಂಬಿಸಿರುತ್ತದೆ. ಆ ಸಮಯವನ್ನು ಯಾವ ಸಂಸ್ಥೆಯೂ ಸಾಲವಾಗಿ ಕೊಡಲಾರದು.

ಕಾಲೇಜಿನಲ್ಲಿ ಯಶಸ್ವಿಯಾಗುವುದನ್ನೇ ಒಂದು ವಿಷಯವಾಗಿ ಬೋಧಿಸುವ ಪದ್ಧತಿ ಹೊಸದಲ್ಲ. ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯವು ಹೊಸ ವಿದ್ಯಾರ್ಥಿಗಳಿಗಾಗಿ 'ಯೂನಿವರ್ಸಿಟಿ 101' ಎಂಬ ಕೋರ್ಸನ್ನು 1972ರಲ್ಲಿಯೇ ಆರಂಭಿಸಿತು, ಮತ್ತು ಅನಂತರ ಅಲ್ಲಿನ ಅನೇಕ ಕಾಲೇಜುಗಳು ಅದೇ ಬಗೆಯ ತರಗತಿಗಳನ್ನು ತಮ್ಮ ಪಠ್ಯಕ್ರಮದೊಳಗೆ ಸೇರಿಸಿಕೊಂಡವು. ಅಲ್ಲಿ ಅದು ಕಾಲೇಜೇ ತನ್ನ ವಿದ್ಯಾರ್ಥಿಗೆ ಕಲಿಸುವ ಪಾಠವಾಗಿತ್ತು. ಇಲ್ಲಿ ಅದೇ ಪಾಠವು ಕಾಲೇಜಿನ ಹೊರಗೆ, ಫೋನ್ ಕರೆಗಳ ಮೂಲಕ, ಉದ್ಯೋಗದ ಭರವಸೆಯೊಂದಿಗೆ ಮಾರಾಟವಾಗುತ್ತಿದೆ.

ಪ್ರಸ್ತುತ ಲೇಖಕರ ಕುಟುಂಬವು ಎಂಜಿನಿಯರಿಂಗ್‌ನ ಆರನೆಯ ಸೆಮಿಸ್ಟರಿನಲ್ಲಿದ್ದ ಮಗಳಿಗಾಗಿ ಕೈಗೊಂಡ ನಿರ್ಧಾರವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ನಿರ್ಧಾರಕ್ಕೆ ಕಾರಣಗಳಿಲ್ಲದಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದ ವಿದ್ಯಾರ್ಥಿನಿಗೆ ಗುಂಪು ಚರ್ಚೆಯಲ್ಲಿ ಮಾತು ಹೊರಡುತ್ತಿರಲಿಲ್ಲ, ಜಿಲ್ಲಾ ಕೇಂದ್ರದ ಆ ಕಾಲೇಜಿಗೆ ಬರುವ ಕಂಪನಿಗಳ ಸಂಖ್ಯೆ ಕಡಿಮೆಯಾಗಿತ್ತು, ಮುಂದಿನ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟ್ ಪ್ರಕ್ರಿಯೆ ಆರಂಭವಾಗುವುದಿತ್ತು. ಕೋರ್ಸನ್ನು ಮಾರುವ ಸಂಸ್ಥೆಯ ಪ್ರತಿನಿಧಿಯು ಈ ಮೂರು ಆತಂಕಗಳನ್ನೂ ಫೋನಿನಲ್ಲಿ ಕೇಳಿ ತಿಳಿದುಕೊಂಡು, ಮೂರಕ್ಕೂ ಒಂದೇ ಪರಿಹಾರವನ್ನು ಮುಂದಿಟ್ಟರು. ಜೊತೆಗೆ, ಕುಟುಂಬದ ನಿಶ್ಚಿತ ಠೇವಣಿಯನ್ನು ಮುರಿಯುವ ಅಗತ್ಯವೇ ಇಲ್ಲವೆಂದೂ, 'ನೋ ಕಾಸ್ಟ್ ಇಎಂಐ' ಎಂಬ ಬಡ್ಡಿಯಿಲ್ಲದ ಕಂತಿನ ಸೌಲಭ್ಯ ಅಂದಿಗೆ ಮಾತ್ರ ಲಭ್ಯವೆಂದೂ ತಿಳಿಸಿದರು. ಠೇವಣಿಯನ್ನು ಹಾಗೆಯೇ ಬಿಟ್ಟು ಕಂತಿಗೆ ಒಪ್ಪಿಗೆ ನೀಡಲಾಯಿತು.

ಬಡ್ಡಿಯಿಲ್ಲದ ಕಂತು ಎಂಬ ಮಾತಿನ ಸತ್ಯಾಸತ್ಯತೆಯನ್ನು ಅಂಕಿಗಳಲ್ಲಿಯೇ ನೋಡಬೇಕು. ಕೋರ್ಸಿನ ಘೋಷಿತ ಶುಲ್ಕ 60,000 ರೂಪಾಯಿ. ಇಂತಹ ಖಾಸಗಿ ತರಬೇತಿಯ ಮೇಲೆ ವಿಧಿಸಲಾಗುವ ಶೇ. 18ರ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, 10,800 ರೂಪಾಯಿ ಸೇರಿದಾಗ ಮೊತ್ತ 70,800 ರೂಪಾಯಿ ಆಗುತ್ತದೆ, ಮತ್ತು ಅದನ್ನು 12ರಿಂದ ಭಾಗಿಸಿದಾಗ ತಿಂಗಳಿಗೆ 5,900 ರೂಪಾಯಿಯ ಕಂತು ಬರುತ್ತದೆ. ಕಂತುಗಳ ಒಟ್ಟು ಮೊತ್ತವೂ 70,800 ರೂಪಾಯಿಯೇ ಆಗಿರುವುದರಿಂದ, ಮೇಲುನೋಟಕ್ಕೆ ಒಂದು ರೂಪಾಯಿಯ ಬಡ್ಡಿಯೂ ಇಲ್ಲವೆಂದು ತೋರುತ್ತದೆ.

ಆದರೆ ಪೂರ್ಣ ಹಣವನ್ನು ಒಂದೇ ಸಲ ಪಾವತಿಸುವವರಿಗೆ ಅದೇ ಸಂಸ್ಥೆಯು ಶುಲ್ಕದಲ್ಲಿ ಶೇ. 10ರ ರಿಯಾಯಿತಿ ನೀಡುತ್ತಿತ್ತು. ಆಗ ಶುಲ್ಕ 54,000 ರೂಪಾಯಿ, ಜಿಎಸ್‌ಟಿ 9,720 ರೂಪಾಯಿ, ಒಟ್ಟು 63,720 ರೂಪಾಯಿ. ವಸ್ತುವೊಂದರ ನಿಜವಾದ ಬೆಲೆಯೆಂದರೆ ನಗದು ಕೊಡುವವನಿಗೆ ಅದು ಸಿಗುವ ಬೆಲೆ. ಆದ್ದರಿಂದ ಈ ಕೋರ್ಸಿನ ಬೆಲೆ 63,720 ರೂಪಾಯಿ, ಮತ್ತು ಕಂತಿನಲ್ಲಿ ಕಟ್ಟುವವರು ಅದರ ಮೇಲೆ ಕೊಡುವ 7,080 ರೂಪಾಯಿಯು ಯಾವ ಹೆಸರಿನಲ್ಲಿ ಕರೆದರೂ ಬಡ್ಡಿಯೇ. ಇದರ ಜೊತೆಗೆ ಸಾಲ ಮಂಜೂರು ಮಾಡಲು ಪಡೆಯುವ ಪ್ರೊಸೆಸಿಂಗ್ ಶುಲ್ಕ 1,200 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ 216 ರೂಪಾಯಿ ಸೇರಿ 1,416 ರೂಪಾಯಿಯನ್ನು ಮೊದಲೇ ಪಾವತಿಸಬೇಕಾಯಿತು. ಎರಡನ್ನೂ ಕೂಡಿಸಿದರೆ ಸಾಲದ ಒಟ್ಟು ವೆಚ್ಚ 8,496 ರೂಪಾಯಿ.

ಈ 8,496 ರೂಪಾಯಿಯನ್ನು 63,720 ರೂಪಾಯಿಗೆ ಹೋಲಿಸಿ, ಬಡ್ಡಿಯ ದರ ಶೇ. 13ರ ಆಸುಪಾಸಿನಲ್ಲಿದೆ ಎಂದು ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ಇಡೀ ಸಾಲವು ಇಡೀ ವರ್ಷ ಸಾಲಗಾರನ ಕೈಯಲ್ಲಿ ಉಳಿಯುವುದಿಲ್ಲ. ಮೊದಲ ತಿಂಗಳು ಹನ್ನೆರಡು ಪಾಲುಗಳೂ ಬಾಕಿ ಇರುತ್ತವೆ, ಎರಡನೆಯ ತಿಂಗಳು ಹನ್ನೊಂದು, ಮೂರನೆಯ ತಿಂಗಳು ಹತ್ತು, ಹೀಗೆ ಇಳಿಯುತ್ತಾ ಕೊನೆಯ ತಿಂಗಳು ಒಂದೇ ಪಾಲು ಉಳಿಯುತ್ತದೆ. ಹನ್ನೆರಡರಿಂದ ಒಂದರವರೆಗಿನ ಸಂಖ್ಯೆಗಳ ಮೊತ್ತ 78. ಅದನ್ನು 12 ತಿಂಗಳಿಗೆ ಹಂಚಿದರೆ ಸರಾಸರಿ ಬಾಕಿ ಆರೂವರೆ ಪಾಲು, ಅಂದರೆ 34,515 ರೂಪಾಯಿ. ವರ್ಷವಿಡೀ ಬಳಕೆಯಲ್ಲಿದ್ದ ಸಾಲ ಸರಾಸರಿ ಇಷ್ಟೇ ಆಗಿರುವಾಗ ಅದರ ಮೇಲೆ 8,496 ರೂಪಾಯಿ ತೆತ್ತರೆ, ವಾರ್ಷಿಕ ದರವು ಶೇ. 24ನ್ನು ಮೀರುತ್ತದೆ. ತಿಂಗಳವಾರು ಬಡ್ಡಿಯ ಸೂತ್ರವನ್ನು ಅನ್ವಯಿಸಿದರೂ ಉತ್ತರ ತಿಂಗಳಿಗೆ ಶೇ. 2ಕ್ಕಿಂತ ತುಸು ಹೆಚ್ಚು ಎಂದೇ ಬರುತ್ತದೆ. ಶೇ. 7ರಷ್ಟು ಬಡ್ಡಿ ತರುತ್ತಿದ್ದ ಠೇವಣಿಯನ್ನು ಉಳಿಸಿಕೊಳ್ಳಲು ಶೇ. 24ರ ಸಾಲವನ್ನು ಹೊತ್ತಂತಾಯಿತು. ಅದೇ ಠೇವಣಿಯನ್ನು ಆಧಾರವಾಗಿಟ್ಟು ಬ್ಯಾಂಕಿನಿಂದ ಶೇ. 9ರ ದರದಲ್ಲಿ ಸಾಲ ಪಡೆದು ಅಷ್ಟೇ ತಿಂಗಳುಗಳಲ್ಲಿ ತೀರಿಸಿದ್ದರೆ ಬಡ್ಡಿ ಸುಮಾರು 3,106 ರೂಪಾಯಿಗೆ ನಿಲ್ಲುತ್ತಿತ್ತು. ಉಳಿದ 5,390 ರೂಪಾಯಿಯು ಒಂದು ಆಕರ್ಷಕ ಹೆಸರಿಗೆ ತೆತ್ತ ಬೆಲೆ.

ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಗೆ ಅಸ್ತಿತ್ವವೇ ಇಲ್ಲವೆಂದೂ, ಇಂತಹ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದಂತಹ ಬೇರೆ ರೂಪಗಳಲ್ಲಿ ಮರೆಮಾಡಿ ವಸೂಲು ಮಾಡಲಾಗುತ್ತದೆಂದೂ ಸ್ಪಷ್ಟಪಡಿಸಿತ್ತು. 2022ರ ಡಿಜಿಟಲ್ ಸಾಲದ ಮಾರ್ಗಸೂಚಿಗಳು ಸಾಲಗಾರನಿಗೆ ಪ್ರಮುಖ ಅಂಶಗಳ ಹೇಳಿಕೆಯೊಂದನ್ನು ಕೊಡುವುದನ್ನು ಕಡ್ಡಾಯಗೊಳಿಸಿದವು. ಸಾಲದ ಎಲ್ಲ ವೆಚ್ಚಗಳನ್ನೂ ಸೇರಿಸಿದ ವಾರ್ಷಿಕ ಶೇಕಡಾವಾರು ದರವು ಅದರಲ್ಲಿರಬೇಕು, ಮತ್ತು ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಸಾಲದಿಂದ ಹೊರಬರುವ ಅವಕಾಶವೂ ಸಾಲಗಾರನಿಗಿರಬೇಕು. ಆದರೂ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು: ಆ ಹೇಳಿಕೆಯಲ್ಲಿ ಘೋಷಿತ ಶುಲ್ಕವನ್ನೇ ಅಸಲು ಎಂದು ನಮೂದಿಸಿದ್ದರೆ, ಕೈತಪ್ಪಿದ ರಿಯಾಯಿತಿಯು ವಾರ್ಷಿಕ ದರದ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ನಗದು ಬೆಲೆಯನ್ನು ಕೇಳಿ ತಿಳಿದು ಲೆಕ್ಕ ಹಾಕುವ ಹೊಣೆ ಕೊಳ್ಳುವವರ ಮೇಲೆಯೇ ಉಳಿಯುತ್ತದೆ.

ಈ ಸಾಲದ ಇನ್ನೊಂದು ಗುಣವು ಬಡ್ಡಿಗಿಂತಲೂ ಗಂಭೀರವಾದುದು. ಸಾಲ ಕೊಡುವುದು ಕೋರ್ಸಿನ ಸಂಸ್ಥೆಯಲ್ಲ, ಅದರೊಡನೆ ಒಪ್ಪಂದ ಮಾಡಿಕೊಂಡಿರುವ ಬ್ಯಾಂಕೇತರ ಹಣಕಾಸು ಸಂಸ್ಥೆ. ವಿದ್ಯಾರ್ಥಿಗೆ ವರಮಾನವಿಲ್ಲದ ಕಾರಣ ತಂದೆ ಅಥವಾ ತಾಯಿಯೇ ಸಾಲಗಾರರಾಗಿ ಸಹಿ ಹಾಕುತ್ತಾರೆ. ಹಣವು ಕೋರ್ಸಿನ ಸಂಸ್ಥೆಗೆ ನೇರವಾಗಿ ಸಂದಾಯವಾಗುತ್ತದೆ. ಕೋರ್ಸಿನ ಒಪ್ಪಂದ ಮತ್ತು ಸಾಲದ ಒಪ್ಪಂದ ಹೀಗೆ ಎರಡು ಬೇರೆ ಬೇರೆ ದಾಖಲೆಗಳಾಗುವುದರಿಂದ, ಬೋಧನೆ ಕಳಪೆಯಾದರೂ, ವಿದ್ಯಾರ್ಥಿಯು ನಡುವೆ ಬಿಟ್ಟರೂ, ಕಂತು ಮಾತ್ರ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತಲೇ ಇರುತ್ತದೆ, ಮತ್ತು ಅಸಮಾಧಾನದಿಂದ ಕಂತನ್ನು ನಿಲ್ಲಿಸಿದವರ ಸಾಲ ಮರುಪಾವತಿಯ ಇತಿಹಾಸವನ್ನು ಸೂಚಿಸುವ ಸಿಬಿಲ್ ಅಂಕ ಕುಸಿಯುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಡಿಸೆಂಬರಿನಲ್ಲಿ ಪೋಷಕರಿಗೆ ನೀಡಿದ ಸೂಚನೆಯಲ್ಲಿ, ಆನ್‌ಲೈನ್ ಶಿಕ್ಷಣ ಸಂಸ್ಥೆಗಳಿಗೆ ಖಾತೆಯಿಂದ ಸ್ವಯಂಚಾಲಿತ ಕಡಿತಕ್ಕೆ ಒಪ್ಪಿಗೆ ಕೊಡುವ ವಿಷಯದಲ್ಲಿ ಎಚ್ಚರಿಕೆ ಹೇಳಿದ್ದು ಇಂತಹ ಪರಿಸ್ಥಿತಿಯನ್ನು ಕಂಡೇ.

ಕೋರ್ಸಿನಿಂದ ಏನೂ ದೊರೆಯಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಅಣಕು ಸಂದರ್ಶನಗಳು ನಿಜವಾಗಿ ಉಪಯುಕ್ತವಾಗಿದ್ದವು. ಅಪರಿಚಿತರೊಬ್ಬರು ಎದುರು ಕುಳಿತು ಪ್ರಶ್ನೆ ಕೇಳಿ, ಉತ್ತರದ ದೋಷಗಳನ್ನು ಅಲ್ಲಿಯೇ ತಿದ್ದಿದ್ದರಿಂದ ವಿದ್ಯಾರ್ಥಿನಿಯ ಅಳುಕು ಕಡಿಮೆಯಾಯಿತು. ಉಳಿದ ಬಹುಭಾಗವು ಮೊದಲೇ ಚಿತ್ರೀಕರಿಸಿದ ವಿಡಿಯೊಗಳಾಗಿದ್ದು, ಸೆಮಿಸ್ಟರ್ ಪರೀಕ್ಷೆಗಳು ಹತ್ತಿರವಾದಂತೆ ಅವು ನೋಡದೆಯೇ ಉಳಿದವು. ಆದರೆ ಉದ್ಯೋಗ ಖಾತರಿ ಎಂಬ ಹೆಸರಿನಲ್ಲಿ ಕೊಟ್ಟ ಭರವಸೆಯನ್ನು ಯಾವ ರೀತಿಯಿಂದಲೂ ಸಮರ್ಥಿಸಲಾಗದು. ನಿಗದಿತ ಹಾಜರಾತಿ, ನಿಗದಿತ ಸಂಖ್ಯೆಯ ಅರ್ಜಿಗಳು, ಯಾವ ಊರಿಗಾದರೂ ಹೋಗುವ ಒಪ್ಪಿಗೆ, ಮೊದಲು ಬಂದ ಕೆಲಸವನ್ನು ನಿರಾಕರಿಸದಿರುವ ಷರತ್ತು, ಇವುಗಳಲ್ಲಿ ಒಂದು ತಪ್ಪಿದರೂ ಖಾತರಿ ರದ್ದಾಗುವುದಾದರೆ, ಅದು ಖಾತರಿಯೆಂಬ ಹೆಸರಿಗೆ ಅರ್ಹವಲ್ಲ. ಕೆಲಸ ಕೊಡುವ ಅಧಿಕಾರವಿಲ್ಲದವರು ಕೆಲಸವನ್ನು ಖಾತರಿಪಡಿಸುವುದು, ಅದೂ ಮೊದಲ ತಲೆಮಾರಿನ ಪದವೀಧರರ ಮನೆಗಳಲ್ಲಿ, ಅನ್ಯಾಯ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ತರಬೇತಿ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿರುವುದು ಸ್ವಾಗತಾರ್ಹ; ಆದರೂ ಫೋನಿನಲ್ಲಿ ಹೇಳಿ, ಕಾಗದದಲ್ಲಿ ಬರೆಯದ ಮಾತನ್ನು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ಪ್ರತಿಯೊಂದು ಭರವಸೆಯನ್ನೂ ಬರಹದಲ್ಲಿ ಪಡೆಯಬೇಕು, ಮತ್ತು ವಿವಾದ ಎದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಲು ಹಿಂಜರಿಯಬಾರದು.

ಪರ್ಯಾಯಗಳು ವಿರಳವಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳನ್ನು 'ಸ್ವಯಂ' ವೇದಿಕೆಯಲ್ಲಿ ಉಚಿತವಾಗಿ ಕಲಿಯಬಹುದು. ಅವುಗಳಲ್ಲಿ ಮೃದು ಕೌಶಲಗಳ, ಅಂದರೆ ಮಾತು, ಬರವಣಿಗೆ ಮತ್ತು ಸಹಕಾರದ ಕೌಶಲಗಳ ಕೋರ್ಸುಗಳೂ ಸೇರಿವೆ. ಪ್ರಮಾಣಪತ್ರ ಬೇಕಾದವರು ಮಾತ್ರ ಕೇಂದ್ರವೊಂದಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಬರೆಯಬೇಕು, ಅದರ ಶುಲ್ಕ 1,000 ರೂಪಾಯಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಆನರ್ಸ್ ಪದವಿಗೆ ಬೇಕಾದ ಹೆಚ್ಚುವರಿ ಕ್ರೆಡಿಟ್‌ಗಳಿಗೂ ಇಂತಹ ಕೋರ್ಸುಗಳು ಪರಿಗಣಿತವಾಗುತ್ತವೆ. ಅಣಕು ಸಂದರ್ಶನದ ಅಭ್ಯಾಸವನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದ ಮೂಲಕ, ಈಗಾಗಲೇ ಕೆಲಸದಲ್ಲಿರುವ ಹಿರಿಯ ವಿದ್ಯಾರ್ಥಿಗಳಿಂದ ಪಡೆಯಬಹುದು.

ಹಣ ಕೊಟ್ಟರೆ ಮಾತ್ರ ಮಕ್ಕಳು ಕೋರ್ಸನ್ನು ಮುಗಿಸುತ್ತಾರೆ ಎಂಬ ಪೋಷಕರ ವಾದದಲ್ಲಿ ಸ್ವಲ್ಪ ಸತ್ಯವಿದೆ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಆನ್‌ಲೈನ್ ಕೋರ್ಸುಗಳನ್ನು ಕುರಿತು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017-18ರಲ್ಲಿ ಸೇರಿದವರೆಲ್ಲರಲ್ಲಿ ಕೋರ್ಸನ್ನು ಮುಗಿಸಿದವರು ಶೇ. 3ರಷ್ಟು ಮಾತ್ರ, ಪ್ರಮಾಣಪತ್ರಕ್ಕಾಗಿ ಹಣ ಕಟ್ಟಿದವರಲ್ಲಿ ಶೇ. 46ರಷ್ಟು ಜನ ಮುಗಿಸಿದ್ದರು. ಮುಗಿಸುವ ಸಂಕಲ್ಪವುಳ್ಳವರೇ ಹಣ ಕಟ್ಟುತ್ತಾರೆಂಬುದೂ ಈ ವ್ಯತ್ಯಾಸಕ್ಕೆ ಒಂದು ಕಾರಣವಾಗಿರಬಹುದು. ಅದೇನೇ ಇರಲಿ, ಹಣ ಕಟ್ಟಿದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ಮುಗಿಸಲಿಲ್ಲ. ಒಂದಿಷ್ಟು ಹಣ ತೊಡಗಿಸುವುದರಿಂದ ಶ್ರದ್ಧೆ ಹೆಚ್ಚುವುದಾದರೆ, 1,000 ರೂಪಾಯಿಯ ಪರೀಕ್ಷಾ ಶುಲ್ಕವೂ ಆ ಕೆಲಸವನ್ನು ಮಾಡಬಲ್ಲದು. ಅದಕ್ಕಾಗಿ 70,800 ರೂಪಾಯಿಯ ಋಣ ಬೇಕಿಲ್ಲ.

ಯಶಸ್ಸಿನ ಕೋರ್ಸುಗಳು ಕಲಿಸುವ ಓದಿನ ವಿಧಾನದ ಸಾರವೂ ರಹಸ್ಯವಲ್ಲ. ಮನೋವಿಜ್ಞಾನಿ ಜಾನ್ ಡನ್‌ಲಾಸ್ಕಿ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತುಲನೆ ಮಾಡಿ, ತನ್ನನ್ನು ತಾನೇ ಪ್ರಶ್ನಿಸಿಕೊಂಡು ಪರೀಕ್ಷಿಸುವುದು ಮತ್ತು ಅಭ್ಯಾಸವನ್ನು ಹಲವು ದಿನಗಳಿಗೆ ಹಂಚುವುದು ಇವೆರಡೇ ಅತ್ಯಂತ ಫಲಕಾರಿಯೆಂದೂ, ಪಠ್ಯಕ್ಕೆ ಗೆರೆ ಎಳೆಯುವುದು ಮತ್ತು ಮತ್ತೆ ಮತ್ತೆ ಓದುವುದು ಕಡಿಮೆ ಪ್ರಯೋಜನದವೆಂದೂ ಕಂಡುಕೊಂಡರು. ಈ ಎರಡು ವಿಧಾನಗಳಿಗೂ ಬೇಕಾದುದು ಒಂದು ನೋಟ್‌ಬುಕ್ಕು ಮತ್ತು ಪ್ರತಿದಿನ ತಪ್ಪದ ಒಂದು ಗಂಟೆ. ಆ ಗಂಟೆಯನ್ನು ಮೊಬೈಲಿನಿಂದ ಕಾಪಾಡಿಕೊಳ್ಳುವುದು, ಪುಸ್ತಕ ಮುಚ್ಚಿ ಓದಿದ್ದನ್ನು ನೆನಪಿನಿಂದ ಬರೆಯುವುದು, ವಾರಕ್ಕೊಮ್ಮೆ ಗೆಳೆಯರ ಎದುರು ನಿಂತು ಒಂದು ವಿಷಯವನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಇವು ಶಿಸ್ತಿನ ಕೆಲಸಗಳು. ಮಕ್ಕಳ ಭವಿಷ್ಯದ ಚಿಂತೆಯಿಂದ ಹಣ ಹೊಂದಿಸುವ ಪೋಷಕರು ಮನೆಯಲ್ಲಿ ಆ ಒಂದು ಗಂಟೆಯ ಮೌನವನ್ನು ಹೊಂದಿಸಿಕೊಡಲು ಸಾಧ್ಯವಾದರೆ, ಅದು ಯಾವ ಕಂತಿಗಿಂತಲೂ ದೊಡ್ಡ ಹೂಡಿಕೆ.

ಈ ಎಲ್ಲ ವಿವೇಚನೆಯಿಂದ ಒಂದು ಕ್ರಮವನ್ನು ರೂಪಿಸಿಕೊಳ್ಳಬಹುದು. ಹಣ ಕೊಟ್ಟು ಕೋರ್ಸಿಗೆ ಸೇರುವ ಮೊದಲು ವಿದ್ಯಾರ್ಥಿಯು ಎಂಟು ವಾರಗಳ ಒಂದು ಉಚಿತ ಕೋರ್ಸನ್ನು ಪೂರ್ತಿಗೊಳಿಸಿ, ಅದರ ಪರೀಕ್ಷೆಯನ್ನು ಬರೆದಿರಬೇಕು. ಮುಗಿಸಲಾಗದಿದ್ದರೆ ಕೊರತೆಯಿರುವುದು ಸಮಯದಲ್ಲಿ ಎಂದು ತಿಳಿದು, ದುಬಾರಿ ಕೋರ್ಸಿನ ಯೋಚನೆಯನ್ನು ಕೈಬಿಡಬೇಕು. ಮುಗಿಸಿದ ಮೇಲೂ ಕೊರತೆ ಉಳಿದಿದ್ದರೆ, ಆ ಕೊರತೆಯನ್ನು ಮಾತ್ರ ತುಂಬುವ ಚಿಕ್ಕ ತರಬೇತಿಯನ್ನು, ಉದಾಹರಣೆಗೆ ಅಣಕು ಸಂದರ್ಶನಗಳನ್ನಷ್ಟೇ, ಉಳಿತಾಯದ ಹಣದಿಂದ ಕೊಳ್ಳಬೇಕು. ನಗದು ಬೆಲೆ, ಹಣ ಮರಳಿಸುವ ಕೊನೆಯ ದಿನಾಂಕ ಮತ್ತು ಭರವಸೆಗಳ ಎಲ್ಲ ಷರತ್ತುಗಳನ್ನು ಬರಹದಲ್ಲಿ ಕೊಡಲು ಒಪ್ಪದ ಸಂಸ್ಥೆಗೆ ಒಂದು ರೂಪಾಯಿಯನ್ನೂ ಕೊಡಬಾರದು, ಮತ್ತು ಅಂದಿಗೆ ಮಾತ್ರ ಲಭ್ಯವೆಂದು ಹೇಳುವ ರಿಯಾಯಿತಿಯನ್ನು ಅಂದು ನಿರಾಕರಿಸುವುದನ್ನೇ ಕುಟುಂಬದ ನಿಯಮವಾಗಿಸಿಕೊಳ್ಳಬೇಕು.