ರಾತ್ರಿ ಮುಚ್ಚುವ ದಾರಿ

(ಗದ್ಯಪಾಠ: ಪ್ರವಾಸ ವರ್ಣನೆಯಿಂದ ವಿಚಾರ ಮಂಡನೆಗೆ)

ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಕಾರಿನಲ್ಲಿ ಹೊರಟ ಗೆಳೆಯರಿಗೆ ಒಂದೇ ಹಗಲಿನಲ್ಲಿ ಎರಡು ರಾಷ್ಟ್ರೀಯ ಉದ್ಯಾನಗಳು ಎದುರಾಗುತ್ತವೆ. ಬಂಡೀಪುರದ ಕಾಡು ಕಳೆದು ಕೆಕ್ಕನಹಳ್ಳದ ಗಡಿಯನ್ನು ದಾಟಿದರೆ ತಮಿಳುನಾಡಿನ ಮುದುಮಲೆ. ರಾಜ್ಯ ಬದಲಾದರೂ ಕಾಡು ಒಂದೇ. ಆನೆಗೆ ಈ ಗಡಿಯ ಪರಿವೆಯಿಲ್ಲ. ಮೋಯಾರ್ ನದಿಯ ದಡದ ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಗೂಡಲೂರಿನತ್ತ ಸಾಗಿದರೆ, ಇನ್ನೊಂದು ಮಸಿನಗುಡಿಯನ್ನು ಹಾದು ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನೇರುತ್ತದೆ. ಎಲೆಯುದುರುವ ಕಾಡು ಕೆಳಗುಳಿದು, ತಂಪು ಗಾಳಿ ಬೀಸತೊಡಗುತ್ತದೆ.

ಮರಳುವಾಗ ಮಾತ್ರ ಗೆಳೆಯರು ಗಡಿಯಾರವನ್ನು ನೋಡಲೇಬೇಕು. ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂಡೀಪುರದ ಹೆದ್ದಾರಿಯಲ್ಲಿ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. 2009ರಲ್ಲಿ ಬಂದ ಈ ನಿರ್ಬಂಧ ವಯನಾಡಿನ ಹೆದ್ದಾರಿಗೂ ಅನ್ವಯಿಸುತ್ತದೆ. ಆಂಬುಲೆನ್ಸ್‌ಗಳಿಗೆ ವಿನಾಯಿತಿ ಉಂಟು. ವಾಹನದ ದೀಪ ಕಣ್ಣಿಗೆ ಬಿದ್ದಾಗ ಜಿಂಕೆ ದಿಕ್ಕುಗೆಟ್ಟು ರಸ್ತೆಯಲ್ಲೇ ನಿಂತುಬಿಡುತ್ತದೆ. ವೇಗದಲ್ಲಿರುವ ಚಾಲಕನಿಗೆ ವಾಹನ ತಡೆಯಲು ಸಮಯ ಸಾಲದು. ಆದರೆ ಮಾರುಕಟ್ಟೆಗೆ ತರಕಾರಿ ಸಾಗಿಸುವವನಿಗೂ, ದೂರದ ಊರಿಗೆ ಹೊರಟ ಪ್ರಯಾಣಿಕನಿಗೂ ಆ ಒಂಬತ್ತು ಗಂಟೆಗಳು ಕಾಯುವಿಕೆಯ ಹೊತ್ತು. ಪ್ರವಾಸಿಗೆ ಒಂದು ದಿನದ ಅಡಚಣೆ. ನೀಲಗಿರಿ, ವಯನಾಡುಗಳ ನಿವಾಸಿಗೆ ದಿನನಿತ್ಯದ ಬದುಕು. ಕಾಡುಪ್ರಾಣಿಗಾದರೋ ಅದು ಜೀವದ ಪ್ರಶ್ನೆ.

ಶಿಕ್ಷಕರಿಗೆ:
1. ಘಾಟಿ, ಹಳ್ಳ, ಕವಲು, ತಿರುವು: ಈ ಪದಗಳಿಗೆ ಮಕ್ಕಳ ಮನೆಮಾತಿನಲ್ಲಿರುವ ರೂಪಗಳನ್ನು ಸಂಗ್ರಹಿಸಿ ಕಪ್ಪುಹಲಗೆಯ ಮೇಲೆ ಬರೆಯಿರಿ.
2. ತರಗತಿಯನ್ನು ಎರಡು ಗುಂಪುಗಳಾಗಿಸಿ. ಒಂದು ಗುಂಪು ರೈತನ ಪರವಾಗಿ, ಇನ್ನೊಂದು ಕಾಡಿನ ಪರವಾಗಿ ಮಾತನಾಡಲಿ. ಬಳಿಕ ಪ್ರತಿಯೊಬ್ಬರೂ ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ಐದು ವಾಕ್ಯಗಳಲ್ಲಿ ಬರೆಯಲಿ.