ಕೇಳಿದ ಹೆಸರಿಗೆ ಕಾಣುವ ರೂಪ

ನಮ್ಮ ಕಡೆಯ ಕಾಲೇಜೊಂದಕ್ಕೆ ಸಮುದಾಯ ಬಾನುಲಿ ಕೇಂದ್ರದ ಪರವಾನಗಿ ಸಿಕ್ಕಾಗ ಅದಕ್ಕೊಂದು ಲೋಗೊ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಕದ ಮುಖಪುಟ, ಲಗ್ನಪತ್ರಿಕೆ, ಸಹಕಾರ ಸಂಘದ ಬೋರ್ಡು ಎಲ್ಲ ಮಾಡಿದ್ದೆ, ರೇಡಿಯೊ ಹೊಸದು. ಅಂಗಡಿಯದಾಗಲಿ ಸಂಘದ್ದಾಗಲಿ, ಗುರುತನ್ನು ಜನ ಮೊದಲು ಕಣ್ಣಿನಿಂದ ನೋಡುತ್ತಾರೆ, ಹೆಸರು ಬಾಯಿಗೆ ಬರುವುದು ಆಮೇಲೆ. ರೇಡಿಯೊದಲ್ಲಿ ಇದು ತಿರುಗುಮುರುಗು. ಹೊಲದಲ್ಲಿ, ಅಡುಗೆಮನೆಯಲ್ಲಿ, ಟೈಲರ್ ಅಂಗಡಿಯಲ್ಲಿ ಹೆಸರು ಸಾಕಷ್ಟು ಸಲ ಕಿವಿಗೆ ಬಿದ್ದಿರುತ್ತದೆ. ಎಂದೋ ಒಂದು ದಿನ ಗೋಡೆಯ ಮೇಲೋ ಮೈಕಿನ ಮೇಲೋ ಅದು ಕಾಣುತ್ತದೆ. ಆಗ ‘ನಾವು ದಿನಾ ಕೇಳೋದು ಇದನ್ನೇ’ ಎಂದು ಥಟ್ಟನೆ ಗೊತ್ತಾಗಬೇಕು. ಆ ಕೆಲಸದಲ್ಲಿ ನಾನು ಕಲಿತ ಬೇರೆಲ್ಲವೂ ಇದೊಂದು ಸಂಗತಿಯಿಂದ ಹುಟ್ಟಿದವು.

ಆಡಳಿತ ಮಂಡಳಿಯವರ ಆಸೆ ಬೇರೆ ಇತ್ತು. ಕಾಲೇಜಿನ ಲಾಂಛನದಲ್ಲಿ ದೀಪ, ತೆರೆದ ಪುಸ್ತಕ, ಸುತ್ತಲೂ ಸಂಸ್ಕೃತ ವಾಕ್ಯ ಇದ್ದವು. ಅದರ ನಡುವೆಯೇ ಒಂದು ಮೈಕು ಕೂರಿಸಿದರೆ ಆಯಿತಲ್ಲ ಎಂದರು. ಸಂಸ್ಥೆಯ ಮೇಲಿನ ಅಭಿಮಾನದ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ಆದರೆ ಈ ಬಗೆಯ ಕೇಂದ್ರ ಯಾರಿಗಾಗಿ ಎಂಬುದನ್ನು ನೋಡಬೇಕಿತ್ತು. ಕೇಂದ್ರ ಸರ್ಕಾರ 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಶುರುವಾಯಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಟ್ರಾನ್ಸ್‌ಮಿಟರ್ ಪುಟ್ಟದು, ವಿಕಿರಣ ಶಕ್ತಿ 100 ವ್ಯಾಟ್. ದನಿ ಸುಮಾರು ಹತ್ತು ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಅಲ್ಲಿಯೇ ತಯಾರಾಗಬೇಕೆಂಬ ನಿಯಮವಿದೆ. ಪರವಾನಗಿ ಕಾಲೇಜಿನ ಹೆಸರಿಗಿದ್ದರೂ ಕೇಳುವವರು ಸುತ್ತಲ ಹಳ್ಳಿಯವರು. ರೇಷ್ಮೆ ಸಾಕುವವರು, ಸ್ತ್ರೀಶಕ್ತಿ ಸಂಘದವರು, ಅಂಗನವಾಡಿ ಕಾರ್ಯಕರ್ತೆಯರು. ಕಾಲೇಜಿನ ಮೆಟ್ಟಿಲು ಹತ್ತದ ಇವರಿಗೆ ದೀಪ ಪುಸ್ತಕಗಳ ಲಾಂಛನ ‘ಇದು ಓದಿದವರ ಜಾಗ’ ಎಂದು ಹೇಳಿದ ಹಾಗಾಗುತ್ತಿತ್ತು. ರೇಡಿಯೊ ಹೇಳಬೇಕಾದದ್ದು ಅದರ ವಿರುದ್ಧದ ಮಾತು.

ಆಡಳಿತ ಮಂಡಳಿಯವರನ್ನು ಒಪ್ಪಿಸಿದ್ದು ಮಾತ್ರ ಮೈಸೂರಿನ ಕಥೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಆರಂಭಿಸಿದರು. ಕಾಲೇಜು ಮೇಷ್ಟ್ರೊಬ್ಬರ ಮನೆಯಿಂದ ಹೊರಟ ‘ಆಕಾಶವಾಣಿ’ ಮುಂದೆ ಇಡೀ ದೇಶದ ರೇಡಿಯೊಗೆ ಹೆಸರಾಯಿತು. ಆ ಹೆಸರು ಹೇಳಿದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಒಂದು ದನಿ, ಚಿತ್ರವಲ್ಲ. ‘ಹಾಗಾದರೆ ಹೆಸರನ್ನೇ ಲೋಗೊ ಮಾಡಿ’ ಎಂದು ಪ್ರಾಂಶುಪಾಲರೇ ಹೇಳಿದರು. ಕಾಲೇಜಿನ ಲಾಂಛನಕ್ಕೆ ಲೆಟರ್‌ಹೆಡ್ಡಿನ ಕೆಳಗೆ ಗೌರವದ ಜಾಗ ಸಿಕ್ಕಿತು.

ವಿದ್ಯಾರ್ಥಿಗಳು ಬರೆದು ತಂದ ಹಾಳೆಗಳಲ್ಲಿ ಹೆಡ್‌ಫೋನು, ಟವರು, ಅರ್ಧಚಂದ್ರಾಕಾರದ ಅಲೆಗಳು ತುಂಬಿದ್ದವು. ಅಲೆಗಳನ್ನು ನೋಡಿ ಅವರಲ್ಲೇ ಒಬ್ಬಳು ‘ಇದು ವೈಫೈ ಇದ್ದ ಹಾಗಿದೆ ಸರ್’ ಎಂದಳು. ಆ ಮಾತು ನೂರಕ್ಕೆ ನೂರು ಸರಿ. ಒಂದು ಕಾಲಕ್ಕೆ ಬಾನುಲಿಯ ಗುರುತಾಗಿದ್ದ ಗೆರೆಗಳನ್ನು ಈಗ ಮೊಬೈಲು ತನ್ನದು ಮಾಡಿಕೊಂಡಿದೆ.

ಚಿತ್ರಗಳನ್ನು ಬಿಟ್ಟು ಹೆಸರಿಗೇ ಬಂದೆವು. ಕೇಂದ್ರದ ಹೆಸರಿನ ಕೊನೆಗೆ ‘ಧ್ವನಿ’ ಇತ್ತು. ಬರೆಯಲು ಇಷ್ಟು ಚೆಂದದ, ಇಷ್ಟು ತೊಡಕಿನ ಅಕ್ಷರಗಳು ಕಡಿಮೆ. ಧ ಅಕ್ಷರದ ಹೊಟ್ಟೆ ಸೀಳಬೇಕು, ಕೆಳಗೆ ವ ಒತ್ತು ತೂಗಬೇಕು, ನಿ ಮೇಲೆ ಗುಡಿಸು ಸುತ್ತಬೇಕು. ಫಾಂಟಿನಲ್ಲಿದ್ದಂತೆಯೇ ಇಟ್ಟು ರಬ್ಬರ್ ಸ್ಟಾಂಪಿನ ಅಳತೆಗೆ ಇಳಿಸಿ ಮುದ್ರಿಸಿದೆವು. ಕನ್ನಡ ವಿಭಾಗದ ಮೇಷ್ಟ್ರು ಕೈಗೆತ್ತಿಕೊಂಡು, ‘ಸೀಳು ಮುಚ್ಚಿಹೋಗಿದೆಯಲ್ಲ, ದ್ವನಿ ಅಂತ ಓದ್ಕೊಳ್ತಾರೆ’ ಎಂದರು. ವಿದ್ಯಾಸಂಸ್ಥೆಯ ರೇಡಿಯೊ ಹೆಸರಿನಲ್ಲೇ ಕಾಗುಣಿತ ತಪ್ಪಿದೆ ಎಂದು ಜನ ಅಂದುಕೊಳ್ಳುವಂತಾಗಬಾರದು. ಅಲ್ಲಿಂದ ಅಕ್ಷರಗಳನ್ನು ಕೈಯಿಂದಲೇ ಬರೆಯತೊಡಗಿದೆ. ಧ ಅಕ್ಷರದ ಹೊಟ್ಟೆಯನ್ನು ಅಗಲಿಸಿ ಸೀಳನ್ನು ಉದ್ದ ಮಾಡಿದೆ. ಫಾಂಟುಗಳಲ್ಲಿ ಒತ್ತು ಸಾಮಾನ್ಯವಾಗಿ ಸಣಕಲಾಗಿರುತ್ತದೆ. ಅದನ್ನು ಮೇಲಿನ ಅಕ್ಷರದಷ್ಟೇ ದಪ್ಪ ಮಾಡಿ, ಎಡಕ್ಕೆ ಎಳೆದು, ಧ ಬುಡಕ್ಕೆ ಒತ್ತಿಕೊಂಡು ಕೂರುವಂತೆ ಮಾಡಿದೆ. ಇಲ್ಲವಾದರೆ ಒತ್ತು ಕೆಳಗೆ ಇಳಿದಷ್ಟೂ ಹೆಸರಿನ ಎತ್ತರ ಬೆಳೆದು, ಮೈಕಿನ ಸುತ್ತ ಹಾಕುವ ಚೌಕದಂಥ ಪುಟ್ಟ ಜಾಗದಲ್ಲಿ ಅಕ್ಷರಗಳೇ ಚಿಕ್ಕವಾಗುತ್ತವೆ. ಕೊನೆಗೆ ನಿ ಗುಡಿಸನ್ನು ತುಸು ದೊಡ್ಡದು ಮಾಡಿ ಬಲಕ್ಕೆ ತೆರೆದೆ. ದನಿ ಹೊರಟಿದೆ ಎಂಬ ಸೂಚನೆಗೆ ಅಷ್ಟು ಸಾಕಾಯಿತು, ಬೇರೆ ಚಿತ್ರ ಸೇರಿಸಲಿಲ್ಲ.

ಹೆಸರಿನ ಜೊತೆ ಬರೆಯುವ ತರಂಗಾಂತರ ಕನ್ನಡ ಅಂಕಿಯಲ್ಲಿರಬೇಕೇ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಕನ್ನಡ ಅಂಕಿ ನನಗೂ ಪ್ರೀತಿಯವು, ನನ್ನ ಮನೆಯ ಬಾಗಿಲಿನ ಮೇಲೆ ಅವೇ ಇವೆ. ಆದರೆ ಲೋಗೊ ನೋಡಿದವರು ಮುಂದೆ ಮಾಡುವ ಕೆಲಸ ರೇಡಿಯೊ ತಿರುಗಿಸುವುದು. ಅಲ್ಲಿ ಪರದೆಯ ಮೇಲೆ 90.4 ಎಂದೇ ಮೂಡುತ್ತದೆ. ಗೋಡೆಯ ಮೇಲೆ ಕಂಡದ್ದೂ ಪರದೆಯ ಮೇಲೆ ಕಂಡದ್ದೂ ಒಂದೇ ಆಗಿರಲಿ ಎಂಬುದು ನನ್ನ ನಿಲುವು. ಹೆಸರಿನ ಅರ್ಧದಷ್ಟು ಎತ್ತರದಲ್ಲಿ ಅಂಕಿ ನಿಂತಿತು. ನಡುವಿನ ಚುಕ್ಕೆಯನ್ನು ಬೇಕೆಂದೇ ದಪ್ಪಗೆ ಇಟ್ಟೆ. ಚುಕ್ಕೆ ಮಾಯವಾದರೆ ಅದು ತೊಂಬತ್ತು ನಾಲ್ಕೋ ಒಂಬೈನೂರ ನಾಲ್ಕೋ ಯಾರಿಗೆ ತಿಳಿಯಬೇಕು!

ಹಳ್ಳಿ ಗೋಡೆಗಳಿಗೆ ಬರೆಯಲು ಬಂದ ಪೇಂಟರ್ ಯಜಮಾನರಿಂದ ಕಲಿತದ್ದು ದೊಡ್ಡದು. ನನ್ನ ಹಾಳೆಯ ಮೇಲೆ ಚೌಕ ಎಳೆದು, ಗೋಡೆಗೂ ದಾರ ಹಿಡಿದು ಚೌಕ ಹೊಡೆದುಕೊಂಡರು. ಗುಡಿಸಿನ ತುದಿಯನ್ನು ನಾನು ಚೂಪಾಗಿ ಕೊಯ್ದಿದ್ದೆ. ‘ಇದು ಕಂಪ್ಯೂಟರ್ ತುದಿ ಸರ್, ಬ್ರಷ್ಷಿನದಲ್ಲ. ಗಾರೆ ಗೋಡೆ ಮ್ಯಾಲೆ ಒಡ್ಕಂತದೆ. ಗುಂಡಗೆ ಬಿಡಿ’ ಎಂದರು. ಗುಂಡಗೆ ಬಿಟ್ಟೆವು. ಆಮೇಲೆ ಫೈಲಿನಲ್ಲೂ ಅದೇ ತುದಿ ಉಳಿಯಿತು; ಟೀ ಶರ್ಟಿನ ಸ್ಕ್ರೀನ್ ಪ್ರಿಂಟಿಗೂ ಅದೇ ಚೆನ್ನಾಗಿ ಕೂತಿತು. ಬಣ್ಣವೂ ಒಂದೇ, ಕೆಮ್ಮಣ್ಣಿನದು. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣ ಹೆಚ್ಚಿದಂತೆ ಖರ್ಚು ಹೆಚ್ಚುತ್ತದೆ, ಕಾಲೇಜು ರೇಡಿಯೊದ ಬಳಿ ದುಡ್ಡು ಎಲ್ಲಿಂದ ಬರಬೇಕು?

ಕನ್ನಡದಲ್ಲಿ ಈ ಕೆಲಸ ಮಾಡುವ ಎಳೆಯರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಗಳಿಗೆ, ಬದಲಿಸದೆ ಫೈಲನ್ನು ಯಾರ ಕೈಗೂ ಕೊಡಬೇಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕೂರಿಸಿದ ಹೆಸರು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಕೂರಿಸಿದರೂ ಹಳೆಯ ಆವೃತ್ತಿಯ ಫೋಟೊಶಾಪಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಒತ್ತಿರದಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಲ್ಲಬಹುದು. ಫ್ಲೆಕ್ಸ್ ಅಂಗಡಿಯಲ್ಲಿ ರಾತ್ರಿ ಪಾಳಿಯ ಹುಡುಗನಿಗೆ ಕನ್ನಡ ಬಾರದಿದ್ದರೆ ಅದು ಹಾಗೆಯೇ ಅಚ್ಚಾಗಿ ಬೆಳಗ್ಗೆ ವೇದಿಕೆಯ ಹಿಂದೆ ತೂಗುತ್ತದೆ.

ಕಾಲೇಜಿನಲ್ಲಿ ಇನ್ನೊಂದು ತೊಂದರೆ ಇದೆ: ಫೈಲು ಎಲ್ಲಿದೆ ಎಂದು ಬಲ್ಲ ಹುಡುಗರು ಪರೀಕ್ಷೆ ಮುಗಿಸಿ ಹೊರಟುಹೋಗುತ್ತಾರೆ. ಹೊಸಬರು ವಾಟ್ಸ್ಆ್ಯಪ್ ಡಿಪಿಯಿಂದ ಚಿತ್ರ ಕದ್ದು ದೊಡ್ಡದು ಮಾಡುತ್ತಾರೆ, ಅಂಚು ಒಡೆಯುತ್ತದೆ. ಅದಕ್ಕೇ ಮೂಲ ಫೈಲನ್ನು ಸ್ಟುಡಿಯೊ ಕಂಪ್ಯೂಟರು, ಗ್ರಂಥಪಾಲಕರ ಪೆನ್‌ಡ್ರೈವು, ಕೇಂದ್ರದ ಇಮೇಲು, ಈ ಮೂರು ಕಡೆ ಇಡಿಸಿದೆ. ಒಂದು ಎ4 ಹಾಳೆಯಲ್ಲಿ ಬಣ್ಣದ ಸಂಖ್ಯೆ, ಕನಿಷ್ಠ ಅಳತೆ, ಸುತ್ತ ಬಿಡಬೇಕಾದ ಖಾಲಿ ಜಾಗ ಬರೆದು ರೆಕಾರ್ಡಿಂಗ್ ಕೋಣೆಯ ಬಾಗಿಲಿಗೆ ಅಂಟಿಸಿದೆವು. ಅದರ ಕೆಳಗೆ ವಿದ್ಯಾರ್ಥಿಗಳು ತಾವೇ ಒಂದು ಸಾಲು ಸೇರಿಸಿದರು: ‘ಸೀಳು ಕಾಣದಷ್ಟು ಚಿಕ್ಕದು ಮಾಡಬೇಡಿ.’