ಅನಮೋಡದ ಮನೆಬಾಗಿಲಲ್ಲಿ ಜನಗಣತಿ
ಜೋಯಿಡಾ ತಾಲ್ಲೂಕಿನ ಅನಮೋಡ ಘಟ್ಟ ಇಳಿದರೆ ಗೋವಾ. ದುಡಿಯಲು ಅಲ್ಲಿಗೆ ಹೋದ ಮಗ ಯಾವ ಮನೆಯ ಲೆಕ್ಕಕ್ಕೆ ಸೇರುತ್ತಾನೆ? 2011ರ ಗಣತಿಯ ನಿಯಮ ಸ್ಪಷ್ಟವಾಗಿತ್ತು: ಫೆಬ್ರುವರಿ 9ರಿಂದ 28ರವರೆಗೆ ಪೂರ್ತಿ ಹೊರಗಿದ್ದವರು ಊರಮನೆಯ ಪಟ್ಟಿಗೆ ಸೇರುವುದಿಲ್ಲ, ಇದ್ದಲ್ಲೇ ಎಣಿಕೆಯಾಗುತ್ತಾರೆ.

ಒಂದೇ ಸೂರಿನಡಿ ಅಣ್ಣತಮ್ಮಂದಿರ ಅಡುಗೆ ಬೇರೆಯಾದರೆ ಕುಟುಂಬವೂ ಬೇರೆ.

ಮಾತೃಭಾಷೆಯೆಂದರೆ ಶಾಲೆಯ ಭಾಷೆಯಲ್ಲ. ಬಾಲ್ಯದಲ್ಲಿ ತಾಯಿ ಆಡಿದ ಮಾತು. ಕನ್ನಡ, ಕೊಂಕಣಿ, ಮರಾಠಿ ಯಾವುದೇ ಇರಲಿ, ಹೇಳಿದಂತೆ ದಾಖಲಾಗಬೇಕು.

ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗಣತಿಯಲ್ಲಿ ಪರಿಶಿಷ್ಟ ಪಂಗಡವೆಂದು ದಾಖಲಿಸಲು ಧರ್ಮದ ಮಿತಿಯಿಲ್ಲ. ಪರಿಶಿಷ್ಟ ಜಾತಿಗೆ ಹಿಂದೂ, ಸಿಖ್, ಬೌದ್ಧ ಎಂಬ ಮಿತಿಯಿದೆ. ಮುಂಡಗೋಡದ ಟಿಬೆಟಿಯನ್ನರೂ ಎಣಿಕೆಗೆ ಒಳಪಡುತ್ತಾರೆ, ಏಕೆಂದರೆ ಗಣತಿ ನೋಡುವುದು ವಾಸವನ್ನು, ಪೌರತ್ವವನ್ನಲ್ಲ.

1948ರ ಜನಗಣತಿ ಕಾಯ್ದೆಯ 8ನೇ ಪ್ರಕರಣದಂತೆ ಉತ್ತರಿಸುವುದು ಕಡ್ಡಾಯ. ಆದರೆ ಗಂಡನ ಹೆಸರು ಹೇಳಲೇಬೇಕೆಂದು ಹೆಂಗಸರನ್ನು ಒತ್ತಾಯಿಸುವಂತಿಲ್ಲ. ಹಳ್ಳಿಮನೆಯ ರೂಢಿಗೆ ಕಾನೂನು ಕೊಟ್ಟ ಈ ಮನ್ನಣೆ ಮೆಚ್ಚುವಂಥದ್ದು. 15ನೇ ಪ್ರಕರಣ ಮಾಹಿತಿಯ ಗೋಪ್ಯತೆಯನ್ನು ಕಾಯುತ್ತದೆ.

ಮುಂದಿನ ಗಣತಿಗೆ ಕರ್ನಾಟಕದಲ್ಲಿ ಆಧಾರವಾಗುವ ಕ್ಷಣ 2027ರ ಮಾರ್ಚ್ 1ರ 00.00 ಗಂಟೆ. ಜಾತಿಯ ಎಣಿಕೆಯೂ ಇದರಲ್ಲಿ ಸೇರಿದೆ.